ಪಾರ್ಶ್ವವಾಯು ಪುನಶ್ಚೇತನ ಚಿಕಿತ್ಸೆ

ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಸ್ವಾಧೀನ ತಪ್ಪಿದ ಕೈಕಾಲುಗಳನ್ನು ಅಭ್ಯಾಸದಿಂದ ಮತ್ತೆ ಬಳಕೆಗೆ ತರುವ ಚಿಕಿತ್ಸೆ. ಆಡುಮಾತಿನಲ್ಲಿ ಲಕ್ವ ಎನ್ನುವ ಈ ಕಾಯಿಲೆಯಲ್ಲಿ ಮೊದಲು ಕೆಡುವುದು ಸ್ನಾಯುವಲ್ಲ, ಅದಕ್ಕೆ ಆಜ್ಞೆ ಕಳಿಸುವ ಮಿದುಳಿನ ಭಾಗ. ಹಾಗಾಗಿ ಫಿಸಿಯೋಥೆರಪಿಸ್ಟರು ಕೈಯನ್ನು ಆಡಿಸುತ್ತಿರುವಂತೆ ಕಂಡರೂ ಪಾಠ ನಡೆಯುವುದು ಮಿದುಳಿಗೆ. ರೋಗಿಗಳನ್ನು ಯಾದೃಚ್ಛಿಕವಾಗಿ ಗುಂಪು ಮಾಡಿ ಹೋಲಿಸಿ ನೋಡುವ ದೊಡ್ಡ ಪ್ರಯೋಗಗಳು ಈ ಕ್ಷೇತ್ರಕ್ಕೆ ಬಂದದ್ದು ಮುಖ್ಯವಾಗಿ ಈ ಶತಮಾನದಲ್ಲಿ. ಅವು ಗಟ್ಟಿಮಾಡಿದ ನಂಬಿಕೆಗಳಿಗಿಂತ ಕೆಡವಿದವೇ ಹೆಚ್ಚು.

ಗಟ್ಟಿಯಾಗಿ ನಿಂತದ್ದರಲ್ಲಿ ಮುಖ್ಯವಾದುದು ನಿರ್ಬಂಧ ಚಿಕಿತ್ಸೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಾಬ್, ಕೋತಿಗಳ ಒಂದು ತೋಳಿನ ಸಂವೇದನಾ ನರಗಳನ್ನು ಕತ್ತರಿಸಿದಾಗ ಅವು ಆ ತೋಳನ್ನು ಬಳಸುವುದನ್ನೇ ಬಿಟ್ಟುಬಿಡುವುದನ್ನು ಗಮನಿಸಿದರು. ಸರಿಯಿರುವ ತೋಳನ್ನು ಕಟ್ಟಿಹಾಕಿದರೆ ಕೆಟ್ಟ ತೋಳು ಕೆಲಸಕ್ಕೆ ಇಳಿಯುತ್ತಿತ್ತು. ಆರಂಭದ ಸೋಲುಗಳಿಂದ ಪ್ರಾಣಿ ‘ಬಳಸದಿರುವುದನ್ನು ಕಲಿತಿದೆ’ ಎಂಬುದು ಅವರ ವಿವರಣೆ. ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯದ ಮೇಲೆ 1981ರಲ್ಲಿ ಪೊಲೀಸ್ ದಾಳಿ ನಡೆದು, ಪ್ರಾಣಿಹಿಂಸೆಯ ಮೊಕದ್ದಮೆ ದೇಶದಾದ್ಯಂತ ಸುದ್ದಿಯಾಯಿತು. ಇಂದು ಸಾವಿರಾರು ರೋಗಿಗಳಿಗೆ ನೆರವಾಗುತ್ತಿರುವ ವಿಧಾನದ ಬೇರು ಇಂಥ ವಿವಾದದಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಟಾಬ್ ನಂತರ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರದಲ್ಲಿ ಇದನ್ನು ಮನುಷ್ಯರಿಗೆ ಹೊಂದಿಸಿದರು. ಎರಡು ವಾರ ಕಾಲ, ಎಚ್ಚರವಿರುವ ಹೊತ್ತಿನ ಸುಮಾರು 90% ಭಾಗ ಒಳ್ಳೆಯ ಕೈಗೆ ಗವಸು. ದುರ್ಬಲ ಕೈಗೆ ದಿನಕ್ಕೆ ಆರು ಗಂಟೆಯವರೆಗೆ ಲೋಟ ಎತ್ತುವ, ಗುಂಡಿ ಹಾಕುವ, ಪುಟ ಮಗುಚುವ ಕೆಲಸ. ಎಕ್ಸೈಟ್ ಎಂಬ ಪ್ರಯೋಗ, ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾದ 222 ಜನರನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಕೈಬಳಕೆಯಲ್ಲಿ ಕಂಡ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಆದರೆ ಮಣಿಕಟ್ಟು, ಬೆರಳುಗಳು ಸ್ವಲ್ಪವಾದರೂ ಆಡುತ್ತಿದ್ದವರಿಗಷ್ಟೇ ಅದರಲ್ಲಿ ಪ್ರವೇಶವಿತ್ತು. ಪೂರ್ತಿ ಬಿದ್ದುಹೋದ ಕೈಗೆ ಇದು ದಾರಿಯಲ್ಲ. ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ತುತ್ತು ಕಲಸಿ ಬಾಯಿಗಿಟ್ಟು, ಅಂಗಿ ತೊಡಿಸಿ, ರೋಗಿಯ ಕೈಗೆ ಕೆಲಸವೇ ಇಲ್ಲದಂತೆ ಮಾಡುವವರು ಗಮನಿಸಬೇಕಾದ ಸಂಶೋಧನೆಯಿದು.

ಎಷ್ಟು ಬೇಗ ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆಯನ್ನು 2015ರ ಅವರ್ಟ್ ಪ್ರಯೋಗ ಅಲುಗಾಡಿಸಿತು. ಜೂಲಿ ಬರ್ನ್‌ಹಾರ್ಟ್ ನೇತೃತ್ವದಲ್ಲಿ ಐದು ದೇಶಗಳ 56 ಆಸ್ಪತ್ರೆಗಳ 2,104 ರೋಗಿಗಳು ಇದರಲ್ಲಿದ್ದರು. 24 ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೊತ್ತು ಅಭ್ಯಾಸ ಮಾಡಿಸಿದವರಲ್ಲಿ 46% ಜನ ಮೂರು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡರು. ಮಾಮೂಲಿ ಆರೈಕೆಯವರಲ್ಲಿ 50%. ಮುಂದಿನ ವಿಶ್ಲೇಷಣೆಯಲ್ಲಿ ಆರಂಭದ ದಿನಗಳಿಗೆ ದೀರ್ಘ ಅಭ್ಯಾಸಕ್ಕಿಂತ ಚಿಕ್ಕಚಿಕ್ಕದಾಗಿ ಹಲವು ಸಲ ಮಾಡಿಸುವುದು ಮೇಲೆಂದು ಕಂಡಿತು.

ಯಂತ್ರಗಳ ಕಥೆಯೂ ನಿರೀಕ್ಷಿಸಿದಂತಾಗಲಿಲ್ಲ. ದೇಹದ ಭಾರವನ್ನು ಮೇಲಿನಿಂದ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವ ತರಬೇತಿಯನ್ನು, ಥೆರಪಿಸ್ಟರು ಮನೆಗೇ ಹೋಗಿ ಮಾಡಿಸಿದ ವ್ಯಾಯಾಮದ ಜೊತೆ 2011ರ ಲೀಪ್ಸ್ ಪ್ರಯೋಗ ಹೋಲಿಸಿತು. 408 ರೋಗಿಗಳ ನಡಿಗೆಯಲ್ಲಿ ವರ್ಷದ ಕೊನೆಗೆ ವ್ಯತ್ಯಾಸವಿರಲಿಲ್ಲ. ಬ್ರಿಟನ್ನಿನ ರಾಟುಲ್ಸ್ ಪ್ರಯೋಗ (2019, 770 ರೋಗಿಗಳು) ಕೈಯ ರೋಬಾಟ್ ತರಬೇತಿಯ ಬಗ್ಗೆಯೂ ಇಂಥದೇ ತೀರ್ಪು ಕೊಟ್ಟಿತು. ಭರವಸೆ ಮೂಡಿಸಿದ ಒಂದು ಸಾಧನ ವೇಗಸ್ ನರದ ಪ್ರಚೋದಕ. ಎದೆಯ ಚರ್ಮದಡಿ ಕೂರಿಸಿದ ಇದು ರೋಗಿ ಕೈ ಆಡಿಸುವ ಕ್ಷಣಕ್ಕೆ ಸರಿಯಾಗಿ ನರಕ್ಕೆ ವಿದ್ಯುತ್ ಮಿಡಿತ ಕಳಿಸುತ್ತದೆ. 108 ರೋಗಿಗಳ ಪ್ರಯೋಗದಲ್ಲಿ, 66 ಅಂಕಗಳ ಕೈಚಲನೆಯ ಮಾಪನದಲ್ಲಿ ಪ್ರಚೋದನೆ ಪಡೆದವರ ಗಳಿಕೆ 5 ಅಂಕ, ಹೋಲಿಕೆಯ ಗುಂಪಿನದು 2.4. ಅಮೆರಿಕ ಇದಕ್ಕೆ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಇಲ್ಲಿಯೂ ಅಭ್ಯಾಸ ತಪ್ಪಲಿಲ್ಲ. ಎರಡೂ ಗುಂಪಿನವರು ಆರು ವಾರ ಬೆವರು ಸುರಿಸಿದ್ದರು.

ಥೆರಪಿಸ್ಟರ ಕೊರತೆಯಿರುವ ಭಾರತದಲ್ಲಿ ಮನೆಯವರಿಗೇ ಕಲಿಸಿದರೆ ಹೇಗೆ ಎಂದು ಅಟೆಂಡ್ ಪ್ರಯೋಗ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಪರೀಕ್ಷಿಸಿತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಆರು ತಿಂಗಳಾಗುವ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಯಾಗಿ ಉಳಿದವರು, ಮನೆಯವರು ಅಭ್ಯಾಸ ಮಾಡಿಸಿದ ಗುಂಪು ಮತ್ತು ಮಾಮೂಲಿ ಆರೈಕೆಯ ಗುಂಪು ಎರಡರಲ್ಲೂ 47%.