ಉಪೇಕ್ಷೆಯ ಬೆಲೆ

ಹಳೆಯ ವಸ್ತುವಿಗೆ ಬೆಲೆ ಬರುವುದು ಅದರ ಗುಣದಿಂದಲೋ, ಜನರ ಉಪೇಕ್ಷೆಯಿಂದಲೋ? ದೂರದರ್ಶನದ ಮಾಲಿಕೆಗಳಿಂದ ಹುಟ್ಟಿದ ವಿಡಿಯೋ ಆಟಗಳ ಮಟ್ಟಿಗೆ ಉಪೇಕ್ಷೆಯ ಪಾಲೇ ಹೆಚ್ಚೆಂದು ನನಗೆ ತೋರುತ್ತದೆ.

ಅಮೆರಿಕದಲ್ಲಿ 1960ರಿಂದ 1966ರವರೆಗೆ ಪ್ರಸಾರವಾದ ವ್ಯಂಗ್ಯಚಿತ್ರ ಮಾಲಿಕೆ 'ದಿ ಫ್ಲಿಂಟ್‌ಸ್ಟೋನ್ಸ್'. ಶಿಲಾಯುಗದ ಗೃಹಸ್ಥನೊಬ್ಬ ತನ್ನ ಕಾರನ್ನು ಕಾಲಿನಿಂದಲೇ ನೂಕಿಕೊಂಡು ಓಡಾಡುವ ವಿನೋದ ಅದು. ಜಪಾನಿನ ಟೈಟೊ ಸಂಸ್ಥೆ ಇದನ್ನಾಧರಿಸಿ ನಿಂಟೆಂಡೊ ಯಂತ್ರಕ್ಕೆ 1991ರಲ್ಲಿ ಒಂದು ಆಟವನ್ನೂ 1994ರಲ್ಲಿ ಇನ್ನೊಂದನ್ನೂ ಹೊರತಂದಿತು. ನಾಯಕ ಅವನೇ, ಪ್ಲಾಸ್ಟಿಕ್ಕಿನ ಕಾರ್ಟ್ರಿಜ್ಜೂ ಅಂಥದೇ. ಆದರೂ ಮೊದಲನೆಯದು ಇಂದಿಗೂ ಅಗ್ಗ, ಎರಡನೆಯದಕ್ಕೆ ನೂರಾರು ಡಾಲರು ತೆರಬೇಕು.

1991ರಲ್ಲೇ ಸೂಪರ್ ನಿಂಟೆಂಡೊ ಅಮೆರಿಕದ ಅಂಗಡಿಗಳಿಗೆ ಬಂದಿತ್ತು. 1994ರ ಹೊತ್ತಿಗೆ ಹಳೆಯ ಯಂತ್ರ ಬಹುತೇಕ ಮನೆಗಳಲ್ಲಿ ಅಟ್ಟ ಸೇರಿತ್ತು. ಕೊಳ್ಳುವವರು ಕಡಿಮೆಯಾದಂತೆ ಪ್ರತಿಗಳೂ ವಿರಳವಾದವು. ಆ ಆಟವನ್ನು ಬಾಡಿಗೆ ಅಂಗಡಿಗಳಿಗೆಂದೇ ತಯಾರಿಸಿದರೆಂಬ ಐತಿಹ್ಯವೂ ಸಂಗ್ರಾಹಕರಲ್ಲುಂಟು. ಬೆಲೆ ಏರಲು ಇಂಥ ಮಾತೂ ನೆರವಾಗುತ್ತದೆ.

ಇತ್ತ 1989ರ 'ಡಕ್‌ಟೇಲ್ಸ್' ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಕ್ಯಾಪ್‌ಕಾಮ್ ತಯಾರಿಸಿದ ಆ ಆಟ ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತಲೂ ಸೊಗಸಾದುದು. ಆದರೆ ಎಲ್ಲರ ಮನೆಯಲ್ಲಿದ್ದುದಕ್ಕೆ ಎಲ್ಲಿಯ ಬೆಲೆ? ಅದರ ರಟ್ಟಿನ ಪೆಟ್ಟಿಗೆ, ಕೈಪಿಡಿಗಳ ಮಾತೇ ಬೇರೆ. ಮಕ್ಕಳು ಆಟವನ್ನು ಉಳಿಸಿಕೊಂಡು ಪೆಟ್ಟಿಗೆಯನ್ನು ಕಸಕ್ಕೆ ಹಾಕಿದರು. ಹಾಗಾಗಿ ಪೆಟ್ಟಿಗೆಯೊಡನೆ ಸಿಕ್ಕರೆ ಬೆಲೆ ಹಲವು ಪಟ್ಟು.

ಬೆಲೆಯ ಬೆನ್ನಿಗೆ ನಕಲಿಯೂ ಬಂದಿತು. ಹೊಸ ಚೀಟಿ ಅಂಟಿಸಿದ ಕಾರ್ಟ್ರಿಜ್ಜುಗಳು ಕಣ್ಣಿಗೆ ಅಸಲಿನಂತೆಯೇ ಕಾಣುತ್ತವೆ. ಬಲ್ಲವರು ತಿರುಪು ಬಿಚ್ಚಿ, ಒಳಗಿನ ಸರ್ಕ್ಯೂಟಿನ ಹಲಗೆಯನ್ನು ಕಂಡ ಮೇಲೆಯೇ ಹಣ ಎಣಿಸುತ್ತಾರೆ.