ಮಾಟದ ವಿಚಾರಣೆ: ಇಸ್ಲಾಮೀ ನ್ಯಾಯಶಾಸ್ತ್ರದ ಒಂದು ಹಳೆಯ ಪ್ರಶ್ನೆ

ಮಾಟವನ್ನು ಅಪರಾಧವೆಂದು ಪರಿಗಣಿಸುವ ಯಾವುದೇ ಕಾನೂನು ಮೊದಲು ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ: ಕಣ್ಣಿಗೆ ಕಾಣದ ಕೃತ್ಯವನ್ನು ನ್ಯಾಯಾಧೀಶನ ಮುಂದೆ ಸಾಬೀತುಪಡಿಸುವುದು ಹೇಗೆ? ಅರಬ್ಬಿಯಲ್ಲಿ ‘ಸಿಹ್ರ್’ ಎಂದು ಕರೆಯಲಾಗುವ ಮಾಟವನ್ನು ಕುರಿತು ಇಸ್ಲಾಮೀ ನ್ಯಾಯಶಾಸ್ತ್ರಜ್ಞರು ನಡೆಸಿದ ದೀರ್ಘ ಚರ್ಚೆಯನ್ನು ನಾವು ಈ ಪ್ರಶ್ನೆಯ ಬೆಳಕಿನಲ್ಲಿ ಓದಬಹುದು.

ಕುರ್‌ಆನಿನ ಎರಡನೆಯ ಅಧ್ಯಾಯದ 102ನೆಯ ವಚನವು ಬಾಬಿಲೋನಿನ ಹಾರೂತ್–ಮಾರೂತರ ಪ್ರಸಂಗದಲ್ಲಿ ಸಿಹ್ರನ್ನು ಖಂಡಿಸುತ್ತದೆ. ಆದರೆ ಕಳವಿಗೆ ಹೇಳಿರುವಂತೆ ಇಹಲೋಕದ ಶಿಕ್ಷೆಯೊಂದನ್ನು ಅಲ್ಲಿ ನಿಗದಿಪಡಿಸಿಲ್ಲ. ಆ ತೆರವನ್ನು ತುಂಬಿದ್ದು ಪರಂಪರೆಯಿಂದ ಬಂದ ವರದಿಗಳು. ಅವು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಮಾಟಗಾರನಿಗೆ ಕತ್ತಿಯೇ ದಂಡನೆ ಎಂಬ ಹದೀಸನ್ನು ದಾಖಲಿಸಿದ ತಿರ್ಮಿದಿಯೇ, ಅದರ ಒಬ್ಬ ನಿರೂಪಕ ದುರ್ಬಲನೆಂದೂ ಅದು ಪ್ರವಾದಿಯವರದಲ್ಲ, ಅವರ ಅನುಯಾಯಿ ಜುಂದುಬ್‌ರ ಮಾತೆಂದು ತಿಳಿಯುವುದೇ ಸರಿಯೆಂದೂ ಟಿಪ್ಪಣಿ ಬರೆದರು. ಪ್ರವಾದಿಯವರ ಪತ್ನಿ ಹಫ್ಸಾ ತಮಗೆ ಮಾಟ ಮಾಡಿದ ದಾಸಿಯನ್ನು ಕೊಲ್ಲಿಸಿದರೆಂದು ಒಂದು ವರದಿಯಿದೆ. ಇನ್ನೊಬ್ಬ ಪತ್ನಿ ಆಯಿಷಾ ಅಂಥದೇ ತಪ್ಪು ಮಾಡಿದ ದಾಸಿಯನ್ನು ಮಾರಿಸಿದರೇ ಹೊರತು ಕೊಲ್ಲಿಸಲಿಲ್ಲ. ಸ್ವತಃ ಪ್ರವಾದಿಯವರಿಗೆ ಲಬೀದ್ ಎಂಬಾತ ಬಾಚಣಿಗೆ ಹಾಗೂ ಕೂದಲಿನಿಂದ ಮಾಟ ಮಾಡಿದನೆಂದು ಬುಖಾರಿಯವರ ಸಂಗ್ರಹ ಹೇಳುತ್ತದೆ. ಅವನನ್ನು ಶಿಕ್ಷಿಸಿದ ಉಲ್ಲೇಖ ಅಲ್ಲಿಲ್ಲ.

ಈ ಭಿನ್ನತೆ ನ್ಯಾಯಪಂಥಗಳಲ್ಲೂ ಮುಂದುವರಿಯಿತು. ಇಮಾಮ್ ಮಾಲಿಕ್ (ನಿಧನ 795) ಮಾಟಗಾರನನ್ನು ಒಳಗೊಳಗೇ ಧರ್ಮ ತೊರೆದವನಂತೆ ಕಂಡು, ಪಶ್ಚಾತ್ತಾಪಕ್ಕೂ ಅವಕಾಶವಿಲ್ಲದ ಮರಣದಂಡನೆಯನ್ನು ಎತ್ತಿಹಿಡಿದರು. ಅಬೂ ಹನೀಫಾ ಹಾಗೂ ಅಹ್ಮದ್ ಇಬ್ನ್ ಹಂಬಲರ ಪಂಥಗಳೂ ಬಹುಮಟ್ಟಿಗೆ ಅದೇ ದಾರಿ ಹಿಡಿದವು. ಇಮಾಮ್ ಶಾಫಿಈ (ನಿಧನ 820) ಮಾತ್ರ ಬೇರೆ ಕ್ರಮವನ್ನು ಅನುಸರಿಸಿದರು. ಆರೋಪಿಯ ಮಾಟ ಎಂಥದು ಎಂಬುದನ್ನು ಮೊದಲು ವಿವರವಾಗಿ ತಿಳಿಯಬೇಕು. ಅದರಲ್ಲಿ ಧರ್ಮನಿರಾಕರಣೆಯ ಮಾತಿದ್ದರೆ ಪಶ್ಚಾತ್ತಾಪಕ್ಕೆ ಅವಕಾಶ ಕೊಡಬೇಕು. ಅದರಿಂದ ಸಾವು ಸಂಭವಿಸಿ, ಕೊಲ್ಲುವ ಉದ್ದೇಶವನ್ನು ಆತನೇ ಒಪ್ಪಿಕೊಂಡರೆ ‘ಕಿಸಾಸ್’ ಎಂಬ ಪ್ರತಿದಂಡನೆ. ಇವೆರಡೂ ಇಲ್ಲವಾದರೆ ಅವನನ್ನು ಕೊಲ್ಲುವಂತಿಲ್ಲ. ಹೆಚ್ಚೆಂದರೆ ನ್ಯಾಯಾಧೀಶನ ವಿವೇಚನೆಗೆ ಬಿಟ್ಟ ಲಘು ಶಿಕ್ಷೆ. ಇಲ್ಲಿ ‘ಮಾಟಗಾರ’ ಎಂಬ ಹೆಸರು ಹಿಂದೆ ಸರಿದು, ಆತ ಆಡಿದ ಮಾತು ಹಾಗೂ ಮಾಡಿದ ಹಾನಿ ಮುಂದೆ ಬರುತ್ತವೆ.

ಹತ್ತನೆಯ ಶತಮಾನದ ಹನಫಿ ವಿದ್ವಾಂಸ ಜಸ್ಸಾಸ್ ಇನ್ನೂ ಮುಂದೆ ಹೋದರು. ಮಾಟವೆಂಬುದು ಬಹುಪಾಲು ಕಣ್ಕಟ್ಟು ಮತ್ತು ವಂಚನೆ ಎಂದು ವಾದಿಸಿ, ಪ್ರವಾದಿಯವರಿಗೆ ಮಾಟ ತಟ್ಟಿತೆಂಬ ವರದಿಯನ್ನೇ ತಿರಸ್ಕರಿಸಿದರು.

ಗ್ರಂಥದ ಕಾನೂನು ಹೀಗಿದ್ದರೂ ಅರಮನೆಗಳ ಬದುಕು ಬೇರೆಯೇ ಇತ್ತು. ನಮ್ಮ ವಿಜಯಪುರದಲ್ಲಿ, ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಎಂಬ ಸಚಿತ್ರ ಪಾರಸಿ ಹಸ್ತಪ್ರತಿ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಜ್ಯೋತಿಷ್ಯ, ಯಂತ್ರ, ಮಂತ್ರ, ಅದೃಶ್ಯ ಶಕ್ತಿಗಳ ಆವಾಹನೆ, ಎಲ್ಲವೂ ಅದರಲ್ಲಿ ರಾಜವಿದ್ಯೆಯ ಗೌರವ ಪಡೆದಿವೆ. ಅರಮನೆಯಲ್ಲಿ ವಿದ್ಯೆಯೆನಿಸಿದ್ದು ಬಡವಳ ಗುಡಿಸಲಿನಲ್ಲಿ ಅಪರಾಧವಾಗುವುದನ್ನು ಅನೇಕ ಸಮಾಜಗಳ ಚರಿತ್ರೆಯಲ್ಲಿ ನಾವು ಕಾಣುತ್ತೇವೆ.

ಹಂಬಲಿ ಪಂಥವನ್ನು ಮುಖ್ಯವಾಗಿ ಅನುಸರಿಸುವ ಸೌದಿ ಅರೇಬಿಯಾದಲ್ಲಿ ಈ ಚರ್ಚೆ ಗ್ರಂಥಗಳಿಗೆ ಸೀಮಿತವಾಗಿ ಉಳಿಯಲಿಲ್ಲ. ಸಿಹ್ರ್ ಎಂದರೇನೆಂದು ವ್ಯಾಖ್ಯಾನಿಸುವ ಲಿಖಿತ ದಂಡಸಂಹಿತೆ ಇಲ್ಲದಿದ್ದಾಗಲೂ ಅಲ್ಲಿನ ನ್ಯಾಯಾಲಯಗಳು ಮರಣದಂಡನೆ ವಿಧಿಸಿದವು. 2007ರಲ್ಲಿ ಒಬ್ಬ ಈಜಿಪ್ಟಿನ ಔಷಧಿಕಾರನ, 2011ರಲ್ಲಿ ಒಬ್ಬ ಮಹಿಳೆಯ ಶಿರಚ್ಛೇದವಾಯಿತು. 2006ರಲ್ಲಿ ಶಿಕ್ಷೆಗೊಳಗಾದ ಇನ್ನೊಬ್ಬ ಅನಕ್ಷರಸ್ಥ ಮಹಿಳೆ, ಓದಲಾರದ ತಪ್ಪೊಪ್ಪಿಗೆಯ ಮೇಲೆ ಹೆಬ್ಬೆಟ್ಟು ಒತ್ತಿದ್ದಳು. ಭವಿಷ್ಯ ಹೇಳುತ್ತಿದ್ದ ಲೆಬನಾನಿನ ಟಿವಿ ನಿರೂಪಕನೊಬ್ಬನನ್ನು 2008ರಲ್ಲಿ ಮದೀನಾದಲ್ಲಿ ಬಂಧಿಸಿ, ಮರುವರ್ಷ ಮರಣದಂಡನೆ ವಿಧಿಸಲಾಯಿತು. ಆದರೆ ಸರ್ವೋಚ್ಚ ನ್ಯಾಯಾಲಯ ಅದನ್ನು ಅನುಮೋದಿಸಲಿಲ್ಲ. ಆತನಿಂದ ಇತರರಿಗೆ ಹಾನಿಯಾದುದಕ್ಕೆ ಪುರಾವೆಯಿಲ್ಲ ಎಂಬುದು ವರದಿಯಾದ ಕಾರಣಗಳಲ್ಲೊಂದು.

ಶಾಫಿಈ ಕೇಳಿಸಬೇಕೆಂದಿದ್ದುದೂ ಇದನ್ನೇ: ಈತ ಹೇಳಿದ್ದೇನು, ಯಾರಿಗೆ ಯಾವ ಹಾನಿಯಾಯಿತು? ಪರಂಪರೆಯೊಳಗೇ ಇದ್ದ ಈ ಪ್ರಶ್ನೆಯನ್ನು ಕೇಳಿದ ಕಡೆ ಒಂದು ಜೀವ ಉಳಿಯಿತು. ಅದನ್ನು ಕೇಳದ ಕಡೆ ಭಯವೇ ಸಾಕ್ಷಿಯಾಯಿತು, ಹೆಬ್ಬೆಟ್ಟಿನ ಗುರುತೇ ತೀರ್ಪಾಯಿತು.