ಫ್ಲಾಟ್ ಟೋಯಿಂಗ್

ಫ್ಲಾಟ್ ಟೋಯಿಂಗ್ ಎಂದರೆ ಒಂದು ಮೋಟಾರು ವಾಹನವನ್ನು ಅದರ ನಾಲ್ಕೂ ಚಕ್ರಗಳು ನೆಲದ ಮೇಲೆಯೇ ಉರುಳುವಂತೆ ಇನ್ನೊಂದು ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ವಿಧಾನ. ಕರ್ನಾಟಕದಲ್ಲಿ ಇದನ್ನು ಸಾಮಾನ್ಯವಾಗಿ 'ಹಗ್ಗ ಕಟ್ಟಿ ಎಳೆಯುವುದು' ಅಥವಾ 'ಟೋ ಮಾಡುವುದು' ಎನ್ನುತ್ತಾರೆ. ಕೆಟ್ಟುನಿಂತ ಕಾರನ್ನು ಹತ್ತಿರದ ಗ್ಯಾರೇಜಿಗೆ ಸೇರಿಸಲು ಬಳಸುವ ಅತ್ಯಂತ ಅಗ್ಗದ ಮಾರ್ಗ ಇದಾಗಿದೆ. ಆದರೆ ಎಳೆಯಲ್ಪಡುವ ಕಾರಿನ ಎಂಜಿನ್ ನಿಂತಿದ್ದರೂ ಚಕ್ರಗಳು, ಡಿಫರೆನ್ಷಿಯಲ್ ಮತ್ತು ಗೇರ್‌ಬಾಕ್ಸಿನ ಒಂದು ಭಾಗ ತಿರುಗುತ್ತಲೇ ಇರುವುದರಿಂದ ಎಲ್ಲ ಕಾರುಗಳನ್ನೂ ಹೀಗೆ ಎಳೆಯಲಾಗದು. ತೂಕ ಕಡಿಮೆಯಿರುವ ಚಿಕ್ಕ ಸ್ಪೋರ್ಟ್ಸ್ ಕಾರುಗಳು ಈ ವಿಧಾನಕ್ಕೆ ಸುಲಭವಾಗಿ ಒಗ್ಗುವಂತೆ ಕಂಡರೂ ಅವುಗಳ ತಗ್ಗಾದ ರಚನೆ ಮತ್ತು ಪ್ರಸರಣ ವ್ಯವಸ್ಥೆಯ ಕಾರಣದಿಂದ ಹೆಚ್ಚಿನ ಎಚ್ಚರಿಕೆಯನ್ನು ಬೇಡುತ್ತವೆ.

ಬಗೆಗಳು

ಫ್ಲಾಟ್ ಟೋಯಿಂಗ್‌ನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಹಗ್ಗ ಅಥವಾ ಸರಪಳಿಯ ಎಳೆತ: ಎರಡು ವಾಹನಗಳ ನಡುವೆ ನೈಲಾನ್ ಹಗ್ಗ, ಪಟ್ಟಿ, ಉಕ್ಕಿನ ತಂತಿಹಗ್ಗ ಅಥವಾ ಸರಪಳಿ ಇರುತ್ತದೆ. ಇದು ಎಳೆಯಬಲ್ಲದೇ ಹೊರತು ತಡೆಯಲಾರದು. ಆದ್ದರಿಂದ ಹಿಂದಿನ ಕಾರಿನಲ್ಲಿ ಚಾಲಕನೊಬ್ಬನು ಕುಳಿತು ಸ್ಟೇರಿಂಗ್ ಮತ್ತು ಬ್ರೇಕುಗಳನ್ನು ನಿರ್ವಹಿಸಬೇಕಾಗುತ್ತದೆ.

ಗಟ್ಟಿ ಕಂಬಿಯ ಎಳೆತ: ಉಕ್ಕಿನ ಕಂಬಿ ಅಥವಾ 'ಎ' ಅಕ್ಷರದ ಆಕಾರದ ಚೌಕಟ್ಟಿನಿಂದ ಎರಡು ವಾಹನಗಳನ್ನು ಜೋಡಿಸಲಾಗುತ್ತದೆ. ಅಂತರ ಬದಲಾಗದ ಕಾರಣ ಜಗ್ಗಾಟ ಇರುವುದಿಲ್ಲ. 'ಎ' ಚೌಕಟ್ಟಿನ ಎರಡು ಕಾಲುಗಳು ಕಾರಿನ ಮುಂಭಾಗಕ್ಕೆ ಬಿಗಿಯಾಗುವುದರಿಂದ ಮುಂದಿನ ಚಕ್ರಗಳು ತಾವಾಗಿಯೇ ಎಳೆಯುವ ವಾಹನದ ದಿಕ್ಕಿಗೆ ಹೊರಳುತ್ತವೆ. ಅಮೆರಿಕದಲ್ಲಿ ದೊಡ್ಡ ಮೋಟಾರ್‌ಹೋಮ್‌ಗಳ ಹಿಂದೆ ಚಿಕ್ಕ ಕಾರನ್ನು ಪ್ರವಾಸಕ್ಕೆ ಒಯ್ಯುವವರು ಈ ಬಗೆಯನ್ನು ಬಳಸುತ್ತಾರೆ. ಹಡಗಿನ ಹಿಂದೆ ಕಟ್ಟಿಕೊಂಡು ಹೋಗುವ ಚಿಕ್ಕ ದೋಣಿಯನ್ನು ನೆನಪಿಸುವುದರಿಂದ ಅಲ್ಲಿ ಇದಕ್ಕೆ 'ಡಿಂಗಿ ಟೋಯಿಂಗ್' ಎಂಬ ಹೆಸರೂ ಇದೆ.

ಎಳೆತದ ಬಲಗಳು

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಕಾರನ್ನು ಒಂದೇ ವೇಗದಲ್ಲಿ ಎಳೆಯಲು ಬೇಕಾಗುವ ಬಲ ಬಹಳ ಕಡಿಮೆ. ಉರುಳುವಿಕೆಯ ಪ್ರತಿರೋಧವನ್ನು ತೂಕದ ಶೇ. 1.5 ಎಂದು ಹಿಡಿದರೆ, 1,000 ಕೆ.ಜಿ. ತೂಕದ ಕಾರಿಗೆ ಸುಮಾರು 150 ನ್ಯೂಟನ್, ಅಂದರೆ 15 ಕೆ.ಜಿ. ಭಾರವನ್ನು ಎತ್ತಿಹಿಡಿಯುವಷ್ಟು ಬಲ ಸಾಕು. ನೂರು ಮೀಟರಿಗೆ ಐದು ಮೀಟರ್ ಏರುವ ಚಡಾವಿನಲ್ಲಿ ಇದಕ್ಕೆ ಇನ್ನೂ 490 ನ್ಯೂಟನ್ ಸೇರುತ್ತದೆ.

ಹಗ್ಗ ಹರಿಯುವುದು ಸಾಮಾನ್ಯವಾಗಿ ಈ ಭಾರದಿಂದಲ್ಲ, ಜಗ್ಗಿನಿಂದ. ಸಡಿಲಗೊಂಡ ಹಗ್ಗ ಒಮ್ಮೆಲೇ ಬಿಗಿಯಾದಾಗ ಹಿಂದಿನ ಕಾರಿನ ವೇಗ ಕ್ಷಣಮಾತ್ರದಲ್ಲಿ ಬದಲಾಗಬೇಕಾಗುತ್ತದೆ. ಆ ಕ್ಷಣದ ಬಲ ಮೇಲೆ ಹೇಳಿದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಹಿಗ್ಗುವ ಗುಣವಿರುವ ನೈಲಾನ್ ಹಗ್ಗ ಈ ಜಗ್ಗನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಸರಪಳಿಯೂ ತಂತಿಹಗ್ಗವೂ ಅದನ್ನು ನೇರವಾಗಿ ಕೊಂಡಿಗಳಿಗೆ ದಾಟಿಸುತ್ತವೆ. ತುಂಡಾದ ಹಗ್ಗವಾಗಲಿ ಕಿತ್ತುಬಂದ ಕೊಂಡಿಯಾಗಲಿ ಚಾಟಿಯಂತೆ ಹಿಂದಕ್ಕೆ ಬಡಿಯುವುದರಿಂದ ಎಳೆತ ಆರಂಭವಾಗುವಾಗ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು.

ಗೇರ್‌ಬಾಕ್ಸ್ ಮತ್ತು ಎಣ್ಣೆಯ ಹರಿವು

ಒಂದು ಕಾರನ್ನು ನಾಲ್ಕು ಚಕ್ರಗಳ ಮೇಲೆ ಎಳೆಯಬಹುದೇ ಎಂಬುದನ್ನು ನಿರ್ಧರಿಸುವ ಮುಖ್ಯ ಅಂಶವೆಂದರೆ, ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನ ತಿರುಗುವ ಭಾಗಗಳಿಗೆ ಎಣ್ಣೆ ತಲುಪುತ್ತದೆಯೇ ಎಂಬುದು.

ಮುಂಚಕ್ರ ಚಾಲನೆಯ ಮ್ಯಾನುಯಲ್ ಕಾರುಗಳಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ನ್ಯೂಟ್ರಲ್‌ನಲ್ಲಿಟ್ಟು ಎಳೆದಾಗ ಚಕ್ರಗಳೊಡನೆ ತಿರುಗುವ ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಗಾಲಿ ತಳದ ಎಣ್ಣೆಯಲ್ಲಿ ಮುಳುಗಿ ಅದನ್ನು ಮೇಲಕ್ಕೆ ಎರಚುತ್ತದೆ. ಹೀಗಾಗಿ ಇಂಥ ಹಲವು ಕಾರುಗಳನ್ನು ಎಳೆಯಲು ತಯಾರಕರು ಅನುಮತಿ ನೀಡುತ್ತಾರೆ.

ಹಿಂಚಕ್ರ ಚಾಲನೆಯ ಮ್ಯಾನುಯಲ್ ಕಾರುಗಳಲ್ಲಿ ಸ್ಥಿತಿ ಬೇರೆ. ಇಲ್ಲಿ ಎಣ್ಣೆಯನ್ನು ಎರಚುವ ಕೆಲಸ ಬಹುಮಟ್ಟಿಗೆ ಕೆಳಗಿನ ಕೌಂಟರ್ ಶಾಫ್ಟಿನದು, ಮತ್ತು ಅದು ತಿರುಗುವುದು ಎಂಜಿನಿನ ಕಡೆಯಿಂದ. ನ್ಯೂಟ್ರಲ್‌ನಲ್ಲಿ ಎಳೆದಾಗ ಹಿಂದಿನ ಚಕ್ರಗಳು ಮೇಲಿನ ಮುಖ್ಯ ಶಾಫ್ಟನ್ನು ತಿರುಗಿಸುತ್ತವೆ. ಕೌಂಟರ್ ಶಾಫ್ಟ್ ನಿಂತೇ ಇರುತ್ತದೆ. ದೂರ ಹೆಚ್ಚಿದಂತೆ ಮೇಲಿನ ಬೇರಿಂಗುಗಳು ಒಣಗಿ ಬಿಸಿಯಾಗುವ ಸಂಭವವಿದೆ. ಸಾಂಪ್ರದಾಯಿಕ ಸ್ಪೋರ್ಟ್ಸ್ ಕಾರುಗಳಲ್ಲಿ ಬಹಳಷ್ಟು ಇದೇ ವಿನ್ಯಾಸದವು. ದೂರದ ಎಳೆತಕ್ಕೆ ಮುನ್ನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿಡುವುದು ಇದಕ್ಕೆ ಹಳೆಯ ಪರಿಹಾರ.

ಆಟೋಮ್ಯಾಟಿಕ್ ಮತ್ತು ಸಿ.ವಿ.ಟಿ. ಕಾರುಗಳಲ್ಲಿ ಎಣ್ಣೆಯನ್ನು ಒತ್ತಡದಿಂದ ಹರಿಸುವ ಪಂಪು ಸಾಮಾನ್ಯವಾಗಿ ಎಂಜಿನಿನಿಂದ ನಡೆಯುತ್ತದೆ. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಕೆಲವು ಕೈಪಿಡಿಗಳು ಕಡಿಮೆ ವೇಗದಲ್ಲಿ ಅಲ್ಪ ದೂರದವರೆಗೆ ಎಳೆಯಲು ಒಪ್ಪಿದರೆ, ಇನ್ನು ಕೆಲವು ಪೂರ್ಣವಾಗಿ ನಿಷೇಧಿಸುತ್ತವೆ.

ನಾಲ್ಕು ಚಕ್ರ ಚಾಲನೆಯ ಕಾರುಗಳಲ್ಲಿ ಎರಡು ಚಕ್ರಗಳನ್ನು ಮಾತ್ರ ಎತ್ತಿ ಎಳೆಯುವುದು ನಾಲ್ಕನ್ನೂ ನೆಲದಲ್ಲಿಡುವುದಕ್ಕಿಂತಲೂ ಹಾನಿಕರವಾಗಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ವ್ಯತ್ಯಾಸವೆಲ್ಲ ನಡುವಿನ ಕ್ಲಚ್ಚಿನ ಮೇಲೆ ಬೀಳುವುದೇ ಇದಕ್ಕೆ ಕಾರಣ. ವಿದ್ಯುತ್ ಕಾರುಗಳಲ್ಲಿ ಮೋಟಾರು ಚಕ್ರಗಳಿಗೆ ನೇರವಾಗಿ ಜೋಡಿತವಾಗಿದ್ದರೆ, ಎಳೆಯುವಾಗ ಅದು ಜನರೇಟರಿನಂತೆ ವರ್ತಿಸಿ ವಿದ್ಯುತ್ ಉಪಕರಣಗಳಿಗೆ ಹಾನಿ ಮಾಡಬಹುದು. ಈ ಎರಡೂ ಬಗೆಯ ಕಾರುಗಳಿಗೆ ಸಮತಲ ವೇದಿಕೆಯ ಸಾಗಣೆ ಲಾರಿಯೇ ಸೂಕ್ತ.

ಸ್ಟೇರಿಂಗ್ ಮತ್ತು ಬ್ರೇಕು

ಕೀಲಿ ತೆಗೆದರೆ ಸ್ಟೇರಿಂಗ್ ಬೀಗ ಬೀಳುವುದರಿಂದ ಎಳೆಯುವ ಅವಧಿಯುದ್ದಕ್ಕೂ ಕೀಲಿಯು ಬೀಗ ಬಿಡಿಸಿದ ಸ್ಥಾನದಲ್ಲಿರಬೇಕು. ಎಂಜಿನ್ ನಿಂತಿರುವಾಗ ಪವರ್ ಸ್ಟೇರಿಂಗಿನ ನೆರವು ಸಿಗದೆ ಚಕ್ರ ತಿರುಗಿಸುವುದು ಭಾರವಾಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತವು ಎರಡು ಮೂರು ಬಾರಿ ಪೆಡಲ್ ಒತ್ತಿದೊಡನೆ ಮುಗಿದುಹೋಗುತ್ತದೆ. ಆ ಬಳಿಕವೂ ಬ್ರೇಕು ಹಿಡಿಯುತ್ತದೆ, ಆದರೆ ಹಲವು ಪಟ್ಟು ಬಲವಾಗಿ ತುಳಿಯಬೇಕು. ಹಗ್ಗದ ಎಳೆತದಲ್ಲಿ ಸಂಭವಿಸುವ ಡಿಕ್ಕಿಗಳಿಗೆ ಇದನ್ನು ಅರಿಯದಿರುವುದೂ ಒಂದು ಕಾರಣ.

ಹೊಸ ಕಾರುಗಳಲ್ಲಿ ಬ್ಯಾಟರಿ ಪೂರ್ಣ ಬರಿದಾಗಿದ್ದರೆ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಬಿಡದಿರಬಹುದು, ಗೇರು ನ್ಯೂಟ್ರಲಿಗೆ ಬರದಿರಬಹುದು. ಅಂಥ ಕಾರನ್ನು ಬಲವಂತವಾಗಿ ಎಳೆದರೆ ಚಕ್ರಗಳು ಉರುಳದೆ ಉಜ್ಜಿಕೊಂಡು ಹೋಗುತ್ತವೆ.

ಚಿಕ್ಕ ಸ್ಪೋರ್ಟ್ಸ್ ಕಾರುಗಳು

ಇಂಥ ಕಾರುಗಳು ನೆಲಕ್ಕೆ ಬಹಳ ಹತ್ತಿರವಿರುತ್ತವೆ. ಜೀಪು, ಟ್ರ್ಯಾಕ್ಟರು ಅಥವಾ ಲಾರಿಯ ಎತ್ತರದ ಕೊಂಡಿಗೆ ಕಟ್ಟಿದ ಹಗ್ಗವು ಓರೆಯಾಗಿ ಮೇಲಕ್ಕೆಳೆದು ಬಂಪರನ್ನು ಸೀಳಬಹುದು. ಮುಂದಿನ ವಾಹನ ಎತ್ತರದ್ದಾಗಿದ್ದರೆ ತಗ್ಗಿನಲ್ಲಿ ಕುಳಿತ ಹಿಂದಿನ ಚಾಲಕನಿಗೆ ರಸ್ತೆಯೇ ಕಾಣದು. ಹಠಾತ್ತನೆ ನಿಂತಾಗ ಚಿಕ್ಕ ಕಾರು ಅದರ ಅಡಿಗೆ ನುಗ್ಗುವ ಅಪಾಯವೂ ಇದೆ.

ಎಳೆಯುವ ಕೊಂಡಿಯು ಬಹಳಷ್ಟು ಕಾರುಗಳಲ್ಲಿ ಕಳಚಿಟ್ಟ ಸ್ಥಿತಿಯಲ್ಲಿ ಸ್ಟೆಪ್ನಿ ಅಥವಾ ಜಾಕಿನ ಬಳಿ ಇರುತ್ತದೆ. ಬಂಪರಿನ ಚಿಕ್ಕ ಮುಚ್ಚಳವನ್ನು ತೆಗೆದು ಅದನ್ನು ಪೂರ್ಣವಾಗಿ ತಿರುಗಿಸಿ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಇದು ಎಡಕ್ಕೆ ತಿರುಗಿಸಿ ಬಿಗಿಸುವಂಥದ್ದು. ಕೊಂಡಿ ಸಿಗಲಿಲ್ಲವೆಂದು ಸಸ್ಪೆನ್ಷನ್ನಿನ ತೋಳಿಗೆ ಹಗ್ಗ ಕಟ್ಟಿದರೆ ಚಕ್ರಗಳ ಅಲೈನ್‌ಮೆಂಟ್ ಕೆಡುತ್ತದೆ.

ಹೊರಮೈ ಯಾವುದರಿಂದ ಆಗಿದೆ ಎಂಬುದೂ ಮುಖ್ಯ. 1990ರ ದಶಕದ ಕೊನೆಯಲ್ಲಿ ಗೋವಾದ ವೆರ್ನಾದಲ್ಲಿ ಸ್ಯಾನ್ ಮೋಟಾರ್ಸ್ ಸಂಸ್ಥೆ ತಯಾರಿಸಿದ ಎರಡು ಆಸನಗಳ 'ಸ್ಯಾನ್ ಸ್ಟಾರ್ಮ್' ಭಾರತದ ಚಿಕ್ಕ ಸ್ಪೋರ್ಟ್ಸ್ ಕಾರುಗಳಿಗೆ ಒಂದು ಉದಾಹರಣೆ. ರೆನೋ ಎಂಜಿನ್ ಹೊಂದಿದ್ದ ಅದರ ಹೊರಮೈ ಫೈಬರ್‌ಗ್ಲಾಸಿನದು. ಇಂಥ ಮೈಯುಳ್ಳ ಕಾರುಗಳಲ್ಲಿ ಎಳೆತದ ಬಲ ಒಳಗಿನ ಉಕ್ಕಿನ ಚಾಸಿಯ ಮೇಲೆಯೇ ಬೀಳಬೇಕು. ಹೊರಮೈಗೆ ತಗುಲಿದ ಹಗ್ಗ ಅದನ್ನು ಬಿರಿಯಿಸುತ್ತದೆ.

ಕಾನೂನು

ಭಾರತದಲ್ಲಿ 1989ರ ರಸ್ತೆ ನಿಯಮಗಳು ವಾಹನ ಎಳೆಯುವಿಕೆಗೆ ಸ್ಪಷ್ಟ ಮಿತಿಗಳನ್ನು ವಿಧಿಸಿದವು. ಅವುಗಳ ಸಾರ ಹೀಗಿದೆ:

• ಯಾಂತ್ರಿಕವಾಗಿ ಕೆಟ್ಟ ಅಥವಾ ಪೂರ್ತಿ ಜೋಡಣೆಯಾಗದ ವಾಹನ, ನೋಂದಾಯಿತ ಟ್ರೇಲರ್ ಮತ್ತು ಸೈಡ್‌ಕಾರ್ ಇವುಗಳನ್ನು ಮಾತ್ರ ಎಳೆಯಬಹುದು.
• ಎಳೆಯಲ್ಪಡುವ ವಾಹನದ ಚಾಲಕನ ಆಸನದಲ್ಲಿ ಪರವಾನಗಿ ಹೊಂದಿದ ವ್ಯಕ್ತಿ ಇರಬೇಕು, ಇಲ್ಲವೇ ಅದರ ಸ್ಟೇರಿಂಗ್ ಚಕ್ರಗಳು ಕ್ರೇನ್ ಅಥವಾ ಅಂಥ ಸಾಧನದಿಂದ ನೆಲಬಿಟ್ಟು ಭದ್ರವಾಗಿ ಎತ್ತಲ್ಪಟ್ಟಿರಬೇಕು.
• ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು.
• ಹಗ್ಗ ಅಥವಾ ಸರಪಳಿ ಇತರರಿಗೆ ಸುಲಭವಾಗಿ ಕಾಣುವಂತಿರಬೇಕು.
• ಹಿಂದಿನ ವಾಹನದ ಹಿಂಬದಿಯಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕನಿಷ್ಠ 75 ಮಿ.ಮೀ. ಎತ್ತರದ ಕಪ್ಪು ಅಕ್ಷರಗಳಲ್ಲಿ 'ಆನ್ ಟೋ' ಎಂಬ ಫಲಕವಿರಬೇಕು.
• ವೇಗ ಗಂಟೆಗೆ 24 ಕಿ.ಮೀ. ಮೀರಬಾರದು.

2017ರ ಮೋಟಾರು ವಾಹನ ಚಾಲನಾ ನಿಯಮಗಳು ಇವುಗಳ ಸ್ಥಾನಕ್ಕೆ ಬಂದವು. ಅವುಗಳಲ್ಲಿಯೂ ಎಳೆಯುವಿಕೆಗೆ ಪ್ರತ್ಯೇಕ ನಿಬಂಧನೆ ಇದೆ.

ಅಂತರ ಮತ್ತು ವೇಗದ ಮಿತಿಗಳನ್ನು ಒಟ್ಟಿಗೆ ನೋಡಿದರೆ ಅವುಗಳ ಮಹತ್ವ ತಿಳಿಯುತ್ತದೆ. ಗಂಟೆಗೆ 24 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 6.7 ಮೀಟರ್. ಆ ಮಿತಿಯೊಳಗೂ 5 ಮೀಟರ್ ಅಂತರವನ್ನು ಕ್ರಮಿಸಲು ಒಂದು ಸೆಕೆಂಡಿಗಿಂತ ಕಡಿಮೆ ಸಮಯ ಸಾಕು. ವೇಗ 40 ಕಿ.ಮೀ.ಗೆ ಏರಿದರೆ ಈ ಅವಕಾಶ ಅರ್ಧ ಸೆಕೆಂಡಿಗೂ ಕಡಿಮೆಯಾಗುತ್ತದೆ, ಡಿಕ್ಕಿಯ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ. ಮುಂದಿನ ವಾಹನದ ಬ್ರೇಕು ದೀಪವನ್ನು ನೋಡಿ ತುಳಿದರೆ ತಡವಾಗುವ ಸಂಭವವೇ ಹೆಚ್ಚು. ಆದ್ದರಿಂದ ಹಿಂದಿನ ಚಾಲಕನು ಮುಂದಿನ ವಾಹನದಾಚೆಯ ರಸ್ತೆಯನ್ನೂ ಗಮನಿಸುತ್ತ, ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟು, ಹಗ್ಗ ಸಡಿಲವಾಗದಂತೆ ಹದವಾಗಿ ಒತ್ತಬೇಕಾಗುತ್ತದೆ.

ಬ್ರಿಟನ್ನಿನಲ್ಲಿ 'ಎ' ಚೌಕಟ್ಟಿಗೆ ಜೋಡಿಸಿದ ಕಾರನ್ನು ಟ್ರೇಲರ್ ಎಂದೇ ಪರಿಗಣಿಸಲಾಗುತ್ತದೆ. ತೂಕ 750 ಕೆ.ಜಿ. ಮೀರಿದರೆ ಅದರ ಬ್ರೇಕುಗಳು ತಾವಾಗಿ ಕೆಲಸ ಮಾಡುವ ವ್ಯವಸ್ಥೆ ಬೇಕು. ಜರ್ಮನಿಯಲ್ಲಿ ಹೆದ್ದಾರಿಯಲ್ಲಿ ಕೆಟ್ಟ ಕಾರನ್ನು ಎಳೆಯುವವರು ಮುಂದಿನ ನಿರ್ಗಮನದಲ್ಲಿಯೇ ಹೊರಬೀಳಬೇಕು. ಸುಸ್ಥಿತಿಯ ಕಾರನ್ನು ಪ್ರವಾಸಕ್ಕಾಗಿ ಹಿಂದೆ ಕಟ್ಟಿಕೊಂಡು ಹೋಗುವ ಅಮೆರಿಕದ ಪದ್ಧತಿಗೆ ಭಾರತದ 1989ರ ನಿಯಮಗಳಲ್ಲಿ ಅವಕಾಶವಿರಲಿಲ್ಲ.

ದಾವಣಗೆರೆ–ಹರಿಹರ ಪ್ರದೇಶದಲ್ಲಿ

ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 (ಹಿಂದಿನ 4) ಚಿತ್ರದುರ್ಗದಿಂದ ದಾವಣಗೆರೆ ಮತ್ತು ಹರಿಹರದ ಬಳಿ ಹಾದು ಹಾವೇರಿಯ ಕಡೆಗೆ ಸಾಗುತ್ತದೆ. ಈ ದಾರಿಯಲ್ಲಿ ಹಗ್ಗದ ಎಳೆತಕ್ಕಿರುವ ದೊಡ್ಡ ಅಪಾಯವೆಂದರೆ ವೇಗದ ವ್ಯತ್ಯಾಸ. 24 ಕಿ.ಮೀ. ವೇಗದಲ್ಲಿ ಸಾಗುವ ಜೋಡಿಯನ್ನು 80 ಕಿ.ಮೀ. ವೇಗದ ಲಾರಿಯೊಂದು 100 ಮೀಟರ್ ಹಿಂದಿನಿಂದ ಸುಮಾರು ಆರೂವರೆ ಸೆಕೆಂಡುಗಳಲ್ಲಿ ತಲುಪುತ್ತದೆ. ಆದ್ದರಿಂದ ಸರ್ವಿಸ್ ರಸ್ತೆ ಇರುವೆಡೆ ಅದನ್ನೇ ಬಳಸುವುದು, ರಾತ್ರಿಯಲ್ಲಿ ಎಳೆಯದಿರುವುದು ಕ್ಷೇಮ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕೆಟ್ಟುನಿಂತ ವಾಹನಗಳಿಗೆ ನೆರವು ಕೋರಲು 1033 ಸಹಾಯವಾಣಿ ಇದೆ.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ದೂರ. 24 ಕಿ.ಮೀ. ವೇಗದಲ್ಲಿ ಎಲ್ಲಿಯೂ ನಿಲ್ಲದೆ ಸಾಗಿದರೂ 35 ನಿಮಿಷ ಹಿಡಿಯುತ್ತದೆ. ಹಿಂಚಕ್ರ ಚಾಲನೆಯ ಅಥವಾ ಆಟೋಮ್ಯಾಟಿಕ್ ಕಾರಿಗೆ ಇಷ್ಟು ದೂರ ಸಲ್ಲುತ್ತದೆಯೇ ಎಂಬುದನ್ನು ಅದರ ಕೈಪಿಡಿ ನೋಡಿಯೇ ತೀರ್ಮಾನಿಸಬೇಕು.

ಪಿ.ಜೆ. ಬಡಾವಣೆಯಂಥ ನಗರದೊಳಗಿನ ಪ್ರದೇಶಗಳಲ್ಲಿ ಅಪಾಯದ ಸ್ವರೂಪ ಬದಲಾಗುತ್ತದೆ. ಇಲ್ಲಿ ವೇಗ ತಾನಾಗಿಯೇ ಕಡಿಮೆ. ಆದರೆ ಅಡ್ಡರಸ್ತೆಗಳಿಂದ ಬರುವ ಬೈಕು ಸವಾರರೂ ಪಾದಚಾರಿಗಳೂ ಎರಡು ವಾಹನಗಳ ನಡುವಿನ ತೆರವನ್ನು ದಾರಿಯೆಂದು ಭಾವಿಸಿ ಹಗ್ಗಕ್ಕೆ ಸಿಲುಕಬಹುದು. ಹಗ್ಗದ ನಡುವೆ ಕೆಂಪು ಅಥವಾ ಬಿಳಿ ಬಟ್ಟೆ ಕಟ್ಟುವ ರೂಢಿ ಇದನ್ನು ತಪ್ಪಿಸಲೆಂದೇ ಬಂದದ್ದು. ಭದ್ರಾ ಅಚ್ಚುಕಟ್ಟಿನ ಗದ್ದೆಬಯಲುಗಳಲ್ಲಿ ಕೆಸರಿಗೆ ಸಿಕ್ಕ ಕಾರನ್ನು ಟ್ರ್ಯಾಕ್ಟರಿನಿಂದ ಎಳೆಯುವುದುಂಟು. ಕೆಸರಿನ ಹಿಡಿತದಿಂದ ಬೇಕಾಗುವ ಬಲ ಹಲವು ಪಟ್ಟು ಹೆಚ್ಚುವುದರಿಂದ, ಮೊದಲು ಚಕ್ರಗಳ ಮುಂದಿನ ಮಣ್ಣನ್ನು ಬಿಡಿಸಿ ನಿಧಾನವಾಗಿ ಎಳೆಯಬೇಕು.

ಕೆಟ್ಟುನಿಂತ ಆಟೋರಿಕ್ಷಾವನ್ನು ಇನ್ನೊಂದು ಆಟೋದ ಚಾಲಕನು ಕಾಲಿನಿಂದ ನೂಕಿಕೊಂಡು ಹೋಗುವ ದೃಶ್ಯ ರಾಜ್ಯದ ನಗರಗಳಲ್ಲಿ ಸಾಮಾನ್ಯ. ಅದು ಎಳೆಯುವಿಕೆಯಲ್ಲ, ಕಾಲು ಚಕ್ರಕ್ಕೆ ಸಿಲುಕುವ ಅಪಾಯವಿರುವ ಅಸುರಕ್ಷಿತ ರೂಢಿ.

ವಿಮೆ

ಖಾಸಗಿ ಕಾರುಗಳ ಸಮಗ್ರ ವಿಮೆಯ ಮಾದರಿ ಕರಾರಿನಲ್ಲಿ, ಅಪಘಾತಕ್ಕೀಡಾದ ಕಾರನ್ನು ಹತ್ತಿರದ ದುರಸ್ತಿಗಾರರಲ್ಲಿಗೆ ಸಾಗಿಸಲು ರೂ. 1,500ರವರೆಗಿನ ವೆಚ್ಚವನ್ನು ಸೇರಿಸಲಾಗಿತ್ತು. ಇದು ಅಪಘಾತಕ್ಕೆ ಸಂಬಂಧಿಸಿದ್ದು. ಬರಿಯ ಯಾಂತ್ರಿಕ ದೋಷದಿಂದ ನಿಂತ ಕಾರಿಗೆ ಪ್ರತ್ಯೇಕ ರಸ್ತೆಬದಿ ನೆರವಿನ ಕರಾರು ಬೇಕಾಗುತ್ತದೆ. ಅದನ್ನು ಹೊಂದಿರುವವರು ಹಗ್ಗ ಹುಡುಕುವ ಮೊದಲು ಆ ದೂರವಾಣಿಗೆ ಕರೆಮಾಡಿದರೆ ಸಮತಲ ಲಾರಿಯೇ ದೊರೆಯಬಹುದು.

ಇವನ್ನೂ ನೋಡಿ

• ಗೇರ್‌ಬಾಕ್ಸ್
• ಟ್ರೇಲರ್
• ಮೋಟಾರು ವಾಹನಗಳ ಕಾಯ್ದೆ, 1988
• ರಾಷ್ಟ್ರೀಯ ಹೆದ್ದಾರಿ 48
• ದಾವಣಗೆರೆ